ಮಣೆಯ ಮೇಲೆ ಗಿಟಾರು

ಮುಟ್ಟುವ ಹಾಗಿಲ್ಲ. ಹೂರಣದ ಬಾಣಲೆಯಲ್ಲಿ ಸೌಟು ತಿರುಗಿಸುತ್ತಿದ್ದ ವಿಮಲೆಯ ತಲೆಯಲ್ಲಿ ಬೆಳಗಿನಿಂದ ಇದೊಂದೇ ಮಾತು ತಿರುಗುತ್ತಿತ್ತು. ಅಡುಗೆಮನೆಯ ಬಾಗಿಲಿನಿಂದ ನೋಡಿದರೆ ನಡುಮನೆಯ ಮೂಲೆಯಲ್ಲಿ ಸರಸ್ವತಿಯ ಪಟ, ಪಟದ ಮುಂದೆ ಉದ್ದನೆಯ ಮಣೆ, ಮಣೆಯ ಮೇಲೆ ಅಂಗಾತ ಮಲಗಿದ ಗಿಟಾರು. ಸಪ್ತಮಿಯ ದಿನ ಪುಸ್ತಕಗಳನ್ನೆಲ್ಲ ಪೂಜೆಗೆ ಇಡುವಾಗ ಅತ್ತೆ ಹೂವಮ್ಮ ಯಾರನ್ನೂ ಕೇಳದೆ ಅದನ್ನೂ ಎತ್ತಿ ತಂದು ಇಟ್ಟುಬಿಟ್ಟಿದ್ದರು. ಈಗ ಅದರ ಹೊಟ್ಟೆಯ ಮೇಲೆ ಕುಂಕುಮದ ಬೊಟ್ಟು, ಕತ್ತಿಗೆ ಚೆಂಡುಹೂವಿನ ಸರ. ಇವತ್ತು ಆಯುಧಪೂಜೆಯೆಂದು ಅದರ ಪಕ್ಕಕ್ಕೆ ಜಯಪ್ಪನ ಸ್ಪ್ಯಾನರುಗಳು, ಸುತ್ತಿಗೆ, ಅರಗಳು ಬಂದು ಸೇರಿದ್ದವು. ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್. ಭದ್ರಾವತಿಯ ಈ ಸಾಲುಮನೆಗಳಲ್ಲಿ ಇವತ್ತು ಎಲ್ಲರ ದೇವರ ಮುಂದೆಯೂ ಇದೇ ಸಾಮಾನು. ಈಳಿಗೆಮಣೆ ಬಂತು. ಕೊನೆಗೆ ಅತ್ತೆ ತಮ್ಮ ಕುಟ್ಟಾಣಿಯನ್ನೂ ತಂದಿಟ್ಟರು. ಹಲ್ಲು ಬಿದ್ದ ಮೇಲೆ ಎಲೆಅಡಿಕೆ ಕುಟ್ಟಿಕೊಳ್ಳಲು ಮಗ ಕಾರ್ಖಾನೆಯಲ್ಲಿ ಕಡೆಸಿ ತಂದುಕೊಟ್ಟ ಪುಟ್ಟ ಒರಳು, ಅದರ ಬೆರಳುದ್ದದ ಉಕ್ಕಿನ ಕೋಲು. ದಶಮಿಯ ಬೆಳಗಿನ ಪೂಜೆ ಮುಗಿಯುವ ತನಕ ಇದರಲ್ಲಿ ಯಾವುದನ್ನೂ ಯಾರೂ ಮುಟ್ಟಬಾರದು. ಓದಬಾರದು, ಬರೆಯಬಾರದು, ನುಡಿಸಬಾರದು. ದಶಮಿಯ ಮರುದಿನ ಮಧ್ಯಾಹ್ನ ಶಿವಮೊಗ್ಗದ ಮಹಿಳಾ ಸಮಾಜದಲ್ಲಿ ಮಗಳು ಮೀರಾ ಗಿಟಾರು ನುಡಿಸಬೇಕು.

"ತಳ ಹತ್ತುತ್ತೆ ನೋಡು," ಎಂದರು ಹೂವಮ್ಮ, ಒಳಗೆ ಬಂದು. "ಗ್ಯಾನ ಎಲ್ಲೈತೆ?"

"ಅತ್ತೆ, ಮಗು ಒಂದು ಅರ್ಧ ಗಂಟೆ ನುಡಿಸಿ ಮತ್ತೆ ಅಲ್ಲೇ ಇಟ್ಟರೆ..."

"ಸರಸ್ವತಿ ಮಲಗಿದ್ದಾಳೆ ಕಣವ್ವಾ. ಮಲಗಿದೋಳನ್ನ ಎಬ್ಬಿಸಿ ಹಾಡಿಸ್ತಾರಾ? ನಿಮ್ಮ ದೊರೆಸಾನಿ ವೀಣೆಗೂ ಒಂದಿಷ್ಟು ಪುರುಸೊತ್ತು ಸಿಗ್ಲಿ ಬಿಡು. ಅದಕ್ಕೆ ಸಿಗದಿದ್ರೂ ಆ ಕೂಸಿನ ಬೆರಳಿಗಾದ್ರೂ ಸಿಗ್ಲಿ."

ಕೊನೆಯ ಮಾತಿಗೆ ವಿಮಲೆ ಬಾಣಲೆಯ ಕಡೆಗೆ ತಿರುಗಿಕೊಂಡಳು. ಅತ್ತೆ ನೋಡಿದ್ದಾರೆ ಹಾಗಾದರೆ. ಮೀರಾ ಎಡಗೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಓಡಾಡುವುದನ್ನು ತಾನೊಬ್ಬಳೇ ನೋಡಿರುವುದೆಂದು ತಿಳಿದಿದ್ದಳು. ಬೆರಳ ತುದಿಗಳಲ್ಲಿ ತಂತಿಯ ಗೆರೆ, ಗೆರೆಯ ಮೇಲೆ ಬೊಕ್ಕೆ, ಬೊಕ್ಕೆ ಒಡೆದ ಕಡೆ ಎಳೆಯ ಕೆಂಪು ಚರ್ಮ. ನೋಡಿಯೂ 'ಇನ್ನೊಂದು ಸಲ' ಎಂದಿದ್ದಳು. ಆಗ ಮಗು ಅಳಲಿಲ್ಲ, ಅದೇ ಕಷ್ಟ. ಅತ್ತಿದ್ದರೆ ನಿಲ್ಲಿಸಬಹುದಿತ್ತು. ತುಟಿಯನ್ನು ಒಳಕ್ಕೆ ಕಚ್ಚಿಕೊಂಡು, ಕಾಲ ಮೇಲೆ ಕಾಲು ಹಾಕಿ ಕುರ್ಚಿಯ ತುದಿಯಲ್ಲಿ ಕೂತು, ಅಜ್ಜಿ ಆ ಕಡೆ ಹಾದುಹೋದಾಗಲೆಲ್ಲ ನಾಚಿಕೆಯಿಂದ ಕಾಲು ಇಳಿಸಿ, ಅಮ್ಮ ಗದರಿದರೆ ಮತ್ತೆ ಏರಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಹಿರಿಯರ ಮುಂದೆ ಕುರ್ಚಿಯಲ್ಲಿ ಕೂರುವುದೇ ಹೆಚ್ಚು, ಇನ್ನು ಕಾಲ ಮೇಲೆ ಕಾಲು. ಆದರೆ ಗಿಟಾರು ಹಿಡಿಯುವುದೇ ಹಾಗೆ. ಮೈಸೂರಿನ ಕಾಲೇಜು ಹಾಸ್ಟೆಲಿನಲ್ಲಿ ಮಿಸ್ ಡೋರಾ ಹೇಳಿಕೊಟ್ಟದ್ದು ಹಾಗೆ. ಬೆನ್ನು ನೇರ, ಬಲಗಾಲು ಎಡಗಾಲ ಮೇಲೆ, ಗಿಟಾರಿನ ಸೊಂಟದ ಬಾಗು ತೊಡೆಯ ಮೇಲೆ. ತಪ್ಪು ಮಾಡಿದರೆ ಮಿಸ್ ಡೋರಾ ಬೈಯುತ್ತಿರಲಿಲ್ಲ. ಕಿಟಕಿಯ ಆಚೆ ನೋಡುತ್ತಿದ್ದರು. ಬೈಗುಳಕ್ಕಿಂತ ಅದು ಹೆಚ್ಚು ನೋಯುತ್ತಿತ್ತು. ಮದುವೆಗೆ ಈ ಗಿಟಾರನ್ನೇ ಉಡುಗೊರೆಯಾಗಿ ಕಳಿಸಿದ್ದರು. ಗಂಡನ ಊರು ಹೊಳಲೂರಿನ ಮನೆಯಲ್ಲಿ ಮದುಮಗಳ ಪೆಟ್ಟಿಗೆಯ ಜೊತೆ ಆ ವಿಚಿತ್ರ ಮರದ ಹೊಟ್ಟೆ ಇಳಿದಾಗ, ಇದು ಯಾವ ಧಾನ್ಯ ಅಳೆಯೋದು ಎಂದು ಯಾರೋ ಕೇಳಿದ್ದರು. ಆ ನಗೆಯಲ್ಲಿ ವಿಷವಿರಲಿಲ್ಲ. ವಿಷವಿದ್ದದ್ದು ಶಿವಮೊಗ್ಗದ ನಗೆಯಲ್ಲಿ.

ತವರೂರು ಅದು, ಮೇಷ್ಟರ ಮಗಳೆಂದು ಬೆಳೆದ ಊರು, ಅದಕ್ಕೇ. ಎರಡು ವರ್ಷದ ಹಿಂದೆ ಇದೇ ಸಮಾಜದ ಇದೇ ದಸರೆಯ ಕಾರ್ಯಕ್ರಮ. ಜೊತೆಯಲ್ಲಿ ಓದಿದವರು, ಓದದೆ ಬೇಗ ಮದುವೆಯಾಗಿ ದಪ್ಪಗಾದವರು, ಎಲ್ಲರೂ ಜಮಖಾನೆಯ ಮೇಲೆ ಕೂತಿದ್ದರು. ಅವಳು ವೇದಿಕೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ ಕ್ಷಣಕ್ಕೇ ಹಿಂದಿನ ಸಾಲಿನಿಂದ 'ದೊರೆಸಾನಿ ಸವಾರಿ ಬಂತು' ಎಂದು ಒಂದು ದನಿ, ಅದರ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡ ನಗೆ ಸಾಲಿನಿಂದ ಸಾಲಿಗೆ ಹರಿಯಿತು. ಅವಳು ನುಡಿಸಿದಳು. ಅರ್ಧದವರೆಗೆ. ಅರ್ಧದಲ್ಲಿ ಬೆರಳು ಮುಂದಿನ ಸ್ವರಕ್ಕೆ ಹೋಗದೆ ನಿಂತುಬಿಟ್ಟಿತು, ಮನೆಯ ದಾರಿ ಮರೆತ ಹಸುವಿನ ಹಾಗೆ. ಅಧ್ಯಕ್ಷೆ ಸಾವಿತ್ರಮ್ಮ, ವಕೀಲರ ಹೆಂಡತಿ, ಬಹಳ ಮರ್ಯಾದೆಯಿಂದ, 'ಸಾಕು ಬಿಡಿ ವಿಮಲಮ್ಮನವರೇ, ತುಂಬಾ ಚೆನ್ನಾಗಿತ್ತು' ಎಂದರು. ಆ ಮರ್ಯಾದೆ ಇನ್ನೂ ಎದೆಯಲ್ಲಿ ಮುಳ್ಳಾಗಿತ್ತು. ಈ ವರ್ಷ ಆಹ್ವಾನ ಬಂದಾಗ ತಾನು ನುಡಿಸುವುದಿಲ್ಲ, ಮಗಳು ನುಡಿಸುತ್ತಾಳೆ ಎಂದು ಹೇಳಿ ಕಳಿಸಿದ್ದಳು. ಅದೇ ರಾಗ, ಮಿಸ್ ಡೋರಾರ ಆ ಒಂದೇ ವಾಲ್ಟ್ಸ್, ಇಂಗ್ಲಿಷರ ಕುಣಿತದ ಮಟ್ಟು. ಕುರ್ಚಿಯೂ ಅದೇ ಇರಲಿ. ಕೊನೆಯ ಸ್ವರದವರೆಗೆ. ಹಾಗೆ ನಿಶ್ಚಯಿಸಿದಾಗ ಅದು ಮಗಳ ವಿದ್ಯೆಗಾಗಿ ಎಂದುಕೊಂಡಿದ್ದಳು. ಹೂರಣ ಗಟ್ಟಿಯಾಗಿ ಸೌಟು ತಿರುಗದಾದಾಗ, ಯಾರ ಬೆರಳಿನಿಂದ ಯಾರ ಮುಳ್ಳು ತೆಗೆಸುತ್ತಿದ್ದೇನೆ ಎಂದು ಒಂದು ಮಾತು ಹೊಳೆದು, ಹೊಳೆದದ್ದಕ್ಕೇ ಹೆದರಿ, ಬಾಣಲೆಯನ್ನು ಇಳಿಸಿಬಿಟ್ಟಳು.

ದಶಮಿಯ ಬೆಳಿಗ್ಗೆ ಪೂಜೆ ಬೇಗ ಮುಗಿಯಲೆಂದು ಅವಳೇ ಎಲ್ಲರಿಗಿಂತ ಮೊದಲು ಎದ್ದು ಸ್ನಾನ ಮಾಡಿದ್ದಳು. ಜಯಪ್ಪ ಗಂಟೆ ಆಡಿಸಿದ. ಹೂವಮ್ಮ ಆರತಿ ಎತ್ತಿ ಹಿಂದಕ್ಕೆ ಸರಿಯುವಾಗ ಅವರ ಸೆರಗು ಕುಟ್ಟಾಣಿಗೆ ಸಿಕ್ಕಿಕೊಂಡಿತು. ಒರಳು ವಾಲಿತು, ಅದರೊಳಗಿದ್ದ ಉಕ್ಕಿನ ಕೋಲು ಗಿಟಾರಿನ ತಂತಿಗಳ ಮೇಲೆ ಬಿದ್ದು, ಕತ್ತಿನ ಉದ್ದಕ್ಕೂ ಉರುಳುತ್ತ ಹೋಯಿತು. ಅದರ ಜೊತೆ ಒಂದು ದನಿ ಎದ್ದಿತು. ಎದ್ದು ಮೇಲಕ್ಕೆ ಜಾರಿತು; ಯಾವ ಮೆಟ್ಟಿಲನ್ನೂ ತುಳಿಯದೆ, ನೀರಿನಲ್ಲಿ ಮೀನು ಹೋದ ಹಾಗೆ.

"ಅಯ್ಯೋ ತಾಯಿ, ಎದ್ದಳಲ್ಲ ಇವಳು!" ಎಂದು ಹೂವಮ್ಮ ಗಲ್ಲ ಬಡಿದುಕೊಂಡರು. ಜಯಪ್ಪ ನಕ್ಕ. ಪೂಜೆಯಾದ ಮೇಲೆ ಎಲ್ಲರೂ ತಮ್ಮ ತಮ್ಮ ಸಾಮಾನನ್ನು ಮುಟ್ಟಿ ಒಂದಿಷ್ಟು ಕೆಲಸ ಮಾಡಬೇಕು, ಅದು ಪದ್ಧತಿ. ಜಯಪ್ಪ ಸ್ಪ್ಯಾನರಿನಿಂದ ಕಿಟಕಿಯ ಒಂದು ಬೋಲ್ಟು ಬಿಗಿದ. ಮೀರಾ ಪಾಠದ ಪುಸ್ತಕದ ಒಂದು ಸಾಲು ಓದಿದಳು. ಆಮೇಲೆ ಗಿಟಾರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು, ಆದರೆ ಎತ್ತಿಕೊಳ್ಳಲಿಲ್ಲ. ಮಣೆಯ ಮೇಲೆ ಮಲಗಿದಂತೆಯೇ ಇರಲು ಬಿಟ್ಟು, ಎಡಗೈಯಲ್ಲಿ ಅಜ್ಜಿಯ ಕೋಲು ಹಿಡಿದು ತಂತಿಯ ಮೇಲೆ ಇಟ್ಟಳು, ಬಲಗೈಯಿಂದ ಮೀಟಿದಳು. ಜಾರಿಸಿದಳು. ಕಣ್ಣು ಅರಳಿತು. ಬಿರಡೆ ತಿರುವಿ ಎರಡು ತಂತಿಗಳನ್ನು ಇಳಿಸಿ, ತಂಬೂರಿಯ ಹಾಗೆ ಜೊತೆಗೂಡಿಸಿ, ಮತ್ತೆ ಮೀಟಿದಳು. ಹೂವಮ್ಮ ರಾಗಿ ಬೀಸುವಾಗ ಹಾಡುವ ಪದ ಅದು. ತಡವರಿಸುತ್ತ, ಆದರೆ ಅದೇ. ಆ ಪದದಲ್ಲಿ ಅತ್ತೆಯ ದನಿ ಉಸಿರು ಸಾಲದೆ ಎಲ್ಲಿ ನಡುಗಿ ಕೆಳಗೆ ಬೀಳುತ್ತದೋ ಅಲ್ಲಿ ತಂತಿಯೂ ನಡುಗಿ ಕೆಳಗೆ ಬಿತ್ತು.

"ಹಾಗಲ್ಲ," ಎಂದಳು ವಿಮಲೆ. ತನ್ನ ದನಿ ಅಷ್ಟು ಜೋರಾಗಿ ಬಂದದ್ದು ಅವಳಿಗೇ ಕೇಳಿಸಿತು. "ಹಾಗಲ್ಲ ಮೀರಾ. ಅದು ತಪ್ಪು. ಶ್ರುತಿ ಎಲ್ಲಾ ಹಾಳು ಮಾಡಿದೆ. ಕೊಡು ಇಲ್ಲಿ."

"ಅಮ್ಮಾ, ಇನ್ನೊಂದೇ ಒಂದು ಸಲ..."

"ನಾಳೆ ಮಧ್ಯಾಹ್ನ ನುಡಿಸಬೇಕು. ಆಟ ಆಡೋ ಹೊತ್ತಾ ಇದು?"

ಕೋಲು ಕಿತ್ತುಕೊಂಡು ಅತ್ತೆಯ ಕೈಗೆ ಕೊಟ್ಟಳು. ಹೂವಮ್ಮ ಒರಳಿಗೆ ಅಡಿಕೆ ಹಾಕಿ ಕುಟ್ಟತೊಡಗಿದರು, ಬೇಕೆಂದೇ ಗಟ್ಟಿಯಾಗಿ.

ಕೋಣೆಯ ಬಾಗಿಲು ಹಾಕಿಕೊಂಡು ವಿಮಲೆ ತಂತಿಗಳನ್ನೆಲ್ಲ ಮಿಸ್ ಡೋರಾರ ಶ್ರುತಿಗೆ ತಂದಳು. ಮೀರಾ ಕುರ್ಚಿಯ ಮೇಲೆ ಕೂತು ಕಾಲ ಮೇಲೆ ಕಾಲು ಹಾಕಿದಳು. ವಿಮಲೆ ಹೆಣಿಗೆಯ ಕಡ್ಡಿ ಹಿಡಿದುಕೊಂಡು ಎದುರಿಗೆ ನಿಂತಳು. ಅವಳು ಪಾಠ ಹೇಳುತ್ತಿದ್ದದ್ದೇ ಹಾಗೆ. ಕಡ್ಡಿಯ ತುದಿಯಿಂದ ಬೆರಳಿಡುವ ಜಾಗ ತೋರಿಸುವುದು, ಇಲ್ಲಿ, ಈಗ ಇಲ್ಲಿ. ಮೀರಾ ಒತ್ತಿದಳು. ಸ್ವರ ಸತ್ತೇ ಹುಟ್ಟಿತು. "ಗಟ್ಟಿಯಾಗಿ ಒತ್ತು." ಒತ್ತಿದಳು. "ಇನ್ನೂ." ಮಗುವಿನ ಕತ್ತಿನ ನರ ಉಬ್ಬಿತು. ವಾಲ್ಟ್ಸಿನ ಮೊದಲ ಸಾಲು ಕುಂಟಿಕೊಂಡು ಮುಗಿಯಿತು, ಎರಡನೆಯ ಸಾಲಿನ ನಡುವೆ ತಂತಿಯ ಮೇಲೆ ಸಣ್ಣ ಕೆಂಪು ಗುರುತು ಕಂಡಿತು. ಕುಂಕುಮ ಇರಬೇಕು, ಪೂಜೆಯದ್ದು, ಎಂದುಕೊಂಡಳು ವಿಮಲೆ. ಕುಂಕುಮವೇ ಎಂದು ಮನಸ್ಸಿಗೆ ಗಟ್ಟಿಯಾಗಿ ಹೇಳಿಕೊಂಡಳು. ಆಮೇಲೆ, "ಇಷ್ಟೂ ಆಗಲ್ವಾ ನಿನಗೆ? ಕೊಡು, ತೋರಿಸ್ತೀನಿ," ಎಂದು ಗಿಟಾರನ್ನು ತೆಗೆದುಕೊಂಡಳು.

ಬೆರಳಿಟ್ಟು ಒತ್ತಿದಳು. ತಂತಿ ಕೆಳಗೆ ಹೋಗಲಿಲ್ಲ. ಮತ್ತೆ ಒತ್ತಿದಳು; ಬೆರಳಿನ ಮೂಳೆಯವರೆಗೆ ಇಳಿಯಿತು ನೋವು, ಸ್ವರ ಮಾತ್ರ ಬಡಕಲಾಗಿ ಗೊರಗುಟ್ಟಿತು. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಕತ್ತು ಬಿಲ್ಲಿನಂತೆ ಬಾಗಿತ್ತು. ಹೊಳೆಯ ಕಡೆಯ ಈ ಗೋಡೆಗೆ ಒರಗಿಸಿಟ್ಟ ಮಳೆಗಾಲಗಳಲ್ಲಿ ಮರ ಥಂಡಿ ಕುಡಿದು ಬಾಗಿ, ತಂತಿಗಳು ಹಲಗೆಯಿಂದ ಎಷ್ಟೋ ಮೇಲೆ ಎದ್ದು ನಿಂತಿದ್ದವು. ಒಣಗಲು ಹಾಕಿದ ಬಟ್ಟೆಯ ಹಗ್ಗದ ಹಾಗೆ. ದೊಡ್ಡವರ ಬೆರಳಿಗೇ ಆಗದ್ದು. ಇದು ಇವತ್ತು ಬಾಗಿದ್ದಲ್ಲ. ಹಾಗಾದರೆ ಇಷ್ಟು ದಿನ? ವಿಮಲೆ ನಿಂತಲ್ಲೇ ನಿಂತಳು. ಶಿವಮೊಗ್ಗದ ಆ ದಿನದ ಮೇಲೆ ಅವಳು ಈ ತಂತಿಗಳ ಮೇಲೆ ಒಮ್ಮೆಯೂ ಬೆರಳು ಒತ್ತಿರಲಿಲ್ಲ. ಕಡ್ಡಿಯಿಂದ ತೋರಿಸಿದ್ದಳು. ದೂರದಲ್ಲಿ ನಿಂತು, ತಾನು ಮುಟ್ಟದೆ, ಮಗಳಿಂದ ಮುಟ್ಟಿಸಿದ್ದಳು. ಸ್ವರ ಬರದಿದ್ದಾಗಲೆಲ್ಲ, ಈಗ ನೆನಪಾಯಿತು, ಕಿಟಕಿಯ ಆಚೆ ನೋಡಿದ್ದಳು.

ಮೀರಾ ಕಾಲು ಇಳಿಸಿ, ಕೈ ಲಂಗದಲ್ಲಿ ಅಡಗಿಸಿಕೊಂಡು ಕಾಯುತ್ತಿದ್ದಳು. ಬೈಗುಳಕ್ಕೆ ಕಾಯುವ ಮುಖ. ಅಷ್ಟರಲ್ಲಿ ಹಿತ್ತಿಲ ಗೋಡೆಯ ಆಚೆಯಿಂದ ಪಕ್ಕದ ಮನೆಯ ಮೆಹರ್ ಬಾನು ಕೂಗಿದಳು. ಕಾರ್ಖಾನೆಯ ಲಾರಿ ಡ್ರೈವರನ ಹೆಂಡತಿ. ಅವಳಿಗೆ ಗೋಡೆಯೆಂಬುದು ಮಾತಾಡುವಾಗ ಮೊಣಕೈ ಊರಲು ಇರುವ ವಸ್ತು.

"ಅಕ್ಕಾ! ಬೆಳಿಗ್ಗೆ ನಿಮ್ಮ ಮನೇಲಿ ಹಾಡಿದ್ದು ಯಾರು? ಯಾರೋ ನೆಂಟರು ಬಂದಿದಾರಾ?"

"ಯಾರೂ ಹಾಡಲಿಲ್ಲ ಮೆಹರ್," ಎಂದಳು ವಿಮಲೆ, ಹಿತ್ತಿಲಿಗೆ ಬಂದು.

"ಸುಳ್ಳು ಹೇಳ್ತೀರಲ್ಲ ಮಾರಾಯ್ತಿ. ನಾನು ಅನ್ನ ಬಸಿಯೋದು ಬಿಟ್ಟು ನಿಂತ್ಕೊಂಡೆ. ಗಂಜಿ ಎಲ್ಲಾ ಒಲೇಗೆ ಹೋಯ್ತು. ನಮ್ಮ ಅಮ್ಮೀಜಾನ್ ನೆನಪಾದ್ಳು, ಖುದಾಕಿ ಕಸಮ್. ಆಮೇಲೆ ಯಾಕೆ ನಿಲ್ಲಿಸಿದ್ರು?"

ಯಾಕೆ ನಿಲ್ಲಿಸಿದರು. ವಿಮಲೆ ಒಳಗೆ ಬಂದಳು. ಮಗಳ ಕೈಯನ್ನು ಲಂಗದಿಂದ ಬಿಡಿಸಿ ತನ್ನ ಅಂಗೈಯಲ್ಲಿ ಇಟ್ಟುಕೊಂಡು, ಬೆರಳುಗಳಿಗೆ ಒಂದೊಂದಾಗಿ ಬೆಣ್ಣೆ ಸವರಿದಳು. ಆಮೇಲೆ ನಡುಮನೆಗೆ ಹೋಗಿ, "ಅತ್ತೆ, ನಿಮ್ಮ ಕುಟ್ಟಾಣಿ ಕೋಲು ನಾಳೆ ಒಂದು ದಿನಕ್ಕೆ ಬೇಕಿತ್ತು," ಎಂದಳು.

ಹೂವಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನನ್ನ ಹಲ್ಲು ಕಿತ್ಕೊಂಡು ಹೋಗ್ತೀನಿ ಅಂತೀಯ. ಎಲೆಅಡಿಕೆ ಹೆಂಗೆ ಹಾಕ್ಕೊಳ್ಳಿ ನಾನು?"

"ನೀವೂ ಬನ್ನಿ ಅತ್ತೆ. ದಾರಿಯಲ್ಲಿ ನಾನೇ ಕುಟ್ಟಿಕೊಡ್ತೀನಿ."

"ಅಂಗಂದ್ರೆ ಬರ್ತೀನಿ," ಎಂದ ಹೂವಮ್ಮ ಕೋಲನ್ನು ಸೆರಗಿನಲ್ಲಿ ಚೆನ್ನಾಗಿ ಒರೆಸಿ ಮೊಮ್ಮಗಳ ಕೈಗೇ ಕೊಟ್ಟರು.

ಮರುದಿನ ರೈಲಿನಲ್ಲಿ ಶಿವಮೊಗ್ಗ ಹತ್ತಿರವಾದಷ್ಟೂ ವಿಮಲೆಯ ಮನಸ್ಸು ಹಿಂದೇಟು ಹಾಕಿತು. ತಪ್ಪು ಮಾಡುತ್ತಿದ್ದೇನೆ. ಇದು ವಿದ್ಯೆಯಲ್ಲ, ಒಂದು ಬೆಳಗಿನ ಆಟ. ವಾಲ್ಟ್ಸನ್ನೇ ನುಡಿಸಿದರೆ ಕುಂಟಿದರೂ ಅದಕ್ಕೊಂದು ಹೆಸರಿದೆ, ಇದಕ್ಕೆ ಏನೆನ್ನುವುದು? ಕುರ್ಚಿಯಲ್ಲಿ ಕೂತವಳನ್ನೇ ನೋಡಿ ನಕ್ಕವರು, ಕುಟ್ಟಾಣಿಯ ಕೋಲು ನೋಡಿದರೆ ಬಿಡುತ್ತಾರೆಯೇ? ತನಗಾದದ್ದು ತನಗೆ, ಮಗುವಿಗೆ ಹತ್ತು ತುಂಬಿಲ್ಲ. ಎದುರಿನ ಬೆಂಚಿನಲ್ಲಿ ಮೀರಾ ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡು, ಕೋಲನ್ನು ತಂತಿಗೆ ತಾಗಿಸದೆ ಗಾಳಿಯಲ್ಲೇ ಜಾರಿಸುತ್ತ, ತನ್ನಷ್ಟಕ್ಕೆ ತುಟಿ ಆಡಿಸುತ್ತಿದ್ದಳು. ಶಿವಮೊಗ್ಗದಲ್ಲಿ ತಂಗಿಯ ಮನೆಗೆಂದು ಹೊರಟಿದ್ದ ಮೆಹರ್ ಬಾನು, ಹಾಡು ಕೇಳಿಯೇ ಹೋಗುವುದೆಂದು ತೀರ್ಮಾನ ಮಾಡಿ, ಹೂವಮ್ಮನ ಪಕ್ಕದಲ್ಲಿ ಕೂತು ಕಿಟಕಿಯ ಕಂಬಿಯ ಮೇಲೆ ತಾಳ ಹಾಕುತ್ತಿದ್ದಳು.

ಸಮಾಜದ ಸಭಾಂಗಣದಲ್ಲಿ ಅದೇ ಜಮಖಾನೆ, ಅದೇ ಗಂಧದ ವಾಸನೆ. ವೇದಿಕೆಯ ನಡುವೆ ಆ ಕುರ್ಚಿ. ಸಾವಿತ್ರಮ್ಮ ಮೀರಾಳ ಗಲ್ಲ ಮುಟ್ಟಿ, "ಬಾ ಮಗು, ಕುರ್ಚಿ ಮೇಲೆ ಕೂತ್ಕೋ, ನಿಮ್ಮಮ್ಮ ಕೂತ್ಕೊಂಡಿದ್ದರಲ್ಲ, ಹಾಗೆ," ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮಲ್ಲ ಅದು, ವಿಮಲೆಗೆ ಗೊತ್ತು. ಮೀರಾ ಕುರ್ಚಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು, ಕುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟೇಬಿಟ್ಟಳು. ಅಮ್ಮ ಹೇಳಿದ್ದನ್ನು ಮಾಡಿ ಮಾಡಿ ಅಭ್ಯಾಸವಾದ ಹೆಜ್ಜೆ.

"ಕುರ್ಚಿ ಬೇಡ," ಎಂದಳು ವಿಮಲೆ.

ಎಲ್ಲರೂ ತಿರುಗಿದರು. ಎದ್ದು ನಿಂತಿದ್ದೇನೆ ಎಂದು ಆಗ ಗೊತ್ತಾಯಿತು. ಕೂರಲು ಇನ್ನೂ ಸಮಯವಿತ್ತು. ಬದಲು ವೇದಿಕೆ ಹತ್ತಿ, ಕುರ್ಚಿಯನ್ನು ತಾನೇ ಎತ್ತಿ ಬದಿಗೆ ಇಟ್ಟು, ದೇವರ ಮುಂದಿದ್ದ ಖಾಲಿ ಮಣೆಯೊಂದನ್ನು ತಂದು ಹಾಕಿ, ಹೇಳಿದಳು: "ಅವಳು ನೆಲದ ಮೇಲೆ ಕೂತು ನುಡಿಸ್ತಾಳೆ. ಅವಳ ರೀತೀನೇ ಬೇರೆ."

"ಅದೇನಮ್ಮಾ ಕೈಯಲ್ಲಿ, ಕುಟ್ಟಾಣಿ ಕೋಲಾ?" ಎಂದಿತು ಹಿಂದಿನ ಸಾಲು, ಅದೇ ದನಿ. ಸೆರಗುಗಳು ಬಾಯಿಗೆ ಏರಿದವು.

"ಹೂಂ ಕಣಮ್ಮ, ನನ್ನದೇ," ಎಂದು ಜಮಖಾನೆಯ ಮಧ್ಯದಿಂದ ಹೂವಮ್ಮ ಗಟ್ಟಿಯಾಗಿ ಹೇಳಿದರು. "ಬೇಕಾದ್ರೆ ಆಮೇಲೆ ಕೊಡ್ತೀನಿ, ನೀನೂ ಕುಟ್ಕೊ."

ಆ ಗದ್ದಲ ಇಳಿಯುವ ಮೊದಲೇ ಮೀರಾ ಮೀಟಿದಳು. ತಾನು ಎಡವಿದ ಜಾಗದಂಥದೊಂದು ಜಾಗ ಇದರಲ್ಲೂ ಇರುತ್ತದೆ, ಎಲ್ಲಿ ಎಂದು ವಿಮಲೆ ಕಾಯುತ್ತಿದ್ದಳು. ಬೀಸುವ ಪದ ಒಂದು ಸುತ್ತು ಬಂತು. ಎರಡನೆಯ ಸುತ್ತಿನಲ್ಲಿ ಮೀರಾ ಒಂದು ಕಡೆ ತಪ್ಪಿದಳು, ಕೋಲು ಬೇಕಾದ ಜಾಗವನ್ನು ದಾಟಿ ಮುಂದೆ ಹೋಯಿತು. ವಿಮಲೆಯ ಕಣ್ಣು ಮುಚ್ಚಿತು. ಆದರೆ ಸ್ವರ ನಿಲ್ಲಲಿಲ್ಲ. ದಾಟಿದ್ದು ಹಾಗೇ ನಿಧಾನವಾಗಿ ಹಿಂದಕ್ಕೆ ಜಾರಿ ಮನೆಗೆ ಬಂದು ಸೇರಿತು, ತಪ್ಪೇ ಒಂದು ಅಲಂಕಾರವಾದ ಹಾಗೆ. ಕಣ್ಣು ಬಿಟ್ಟು ನೋಡಿದರೆ ಸೆರಗುಗಳು ಬಾಯಿಂದ ಇಳಿದಿದ್ದವು. ಮುಂದಿನ ಸಾಲಿನ ಮುದುಕಿಯೊಬ್ಬಳ ಕೈ, ಅವಳಿಗೆ ಗೊತ್ತಿಲ್ಲದೆ, ನೆಲದ ಮೇಲೆ ಬೀಸುಗಲ್ಲು ತಿರುಗಿಸುವಂತೆ ತಿರುಗುತ್ತಿತ್ತು. ಪದ ಗೊತ್ತಿದ್ದವರು ಪಿಸುದನಿಯಲ್ಲಿ ಸೇರಿಕೊಂಡರು. ಮಾತಿಲ್ಲದ ತಂತಿಗೆ ಎಲ್ಲರೂ ಮಾತು ಕೊಡುತ್ತಿದ್ದರು. ಕೆಮ್ಮಿದವಳ ತುಟಿಯೂ ಆಡುತ್ತಿತ್ತು. ಅದನ್ನು ವಿಮಲೆ ನೋಡಿದಳು, ನೋಡಿ ತೃಪ್ತಿಪಡಲು ಕಾದಳು. ಎರಡು ವರ್ಷ ಸಾಕಿದ ತೃಪ್ತಿ ಅದು. ಬರಲಿಲ್ಲ. ಅಷ್ಟರಲ್ಲಿ ಪದ ಮೂರನೆಯ ಸುತ್ತಿಗೆ ತಿರುಗಿತ್ತು, ಕೇಳಬೇಕಿತ್ತು.

ಮುಗಿದದ್ದೇ ತಡ, ಸಾಲುಗಳಿಂದ ಕೂಗು ಎದ್ದಿತು, "ಇನ್ನೊಂದು! ಇನ್ನೊಂದು!"

ಮೀರಾ ಅಮ್ಮನ ಕಡೆ ನೋಡಿದಳು. ಏನು ನುಡಿಸಲಿ ಎಂಬ ನೋಟ. ವಿಮಲೆ ಕಲಿಸಿದ್ದರಲ್ಲಿ ಒಂದೂ ಇಲ್ಲಿ ಬಳಕೆಗೆ ಬರುವಂಥದಲ್ಲ. "ನಿನಗೆ ಇಷ್ಟ ಬಂದಿದ್ದು," ಎಂದಳು.

ಮೀರಾ ಸ್ವಲ್ಪ ಯೋಚಿಸಿದಳು. ತುಟಿಯ ಕೊನೆಯಲ್ಲಿ ತುಂಟತನ ಮೂಡಿತು. ಕೋಲನ್ನು ಗಿಟಾರಿನ ಕತ್ತಿನ ತುತ್ತತುದಿಗೆ ಇಟ್ಟು, ಜೋರಾಗಿ ಮೀಟಿ, ಮೆಲ್ಲನೆ ಅದರ ಹೊಟ್ಟೆಯ ಕಡೆಗೆ ಎಳೆದಳು. ಕೆಳಗಿನಿಂದ ಗುಂಯ್ ಎಂದು ಎದ್ದ ದನಿ ಏರಿತು, ಏರಿತು, ತಾರಸಿಗೆ ತಾಗುವಂತೆ ಏರಿ ಅಲ್ಲೇ ನಿಂತು ಕೂಗಿತು. ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗಿನ ಸೈರನ್ನಿನ ಕೂಗು. ಭದ್ರಾವತಿಯಲ್ಲಿ ಅದು ಕೇಳದೆ ಯಾರ ಮನೆಯ ಒಲೆಯೂ ಹೊತ್ತುವುದಿಲ್ಲ, ಆರುವುದಿಲ್ಲ.

"ಯಾ ಅಲ್ಲಾ, ಶಿಫ್ಟ್ ಬಿಡ್ತು!" ಎಂದು ಮೆಹರ್ ಬಾನು ಎದ್ದೇ ನಿಂತಳು. "ಅನ್ನ ಇಟ್ಟಿಲ್ಲ!"

ಇಡೀ ಸಭೆ ಗೊಳ್ಳೆಂದು ನಕ್ಕಿತು. ಒಂದು ಕ್ಷಣ, ಒಂದೇ ಕ್ಷಣ, ವಿಮಲೆಯ ಬೆನ್ನು ಹಳೆಯ ನಗೆಯೆಂದು ತಿಳಿದು ಸೆಟೆಯಿತು. ಆದರೆ ಈ ನಗೆಯ ನಟ್ಟನಡುವೆ ಮೀರಾ ಇದ್ದಳು, ಎಲ್ಲರಿಗಿಂತ ಜೋರಾಗಿ ನಗುತ್ತ. ನಗುತ್ತಲೇ ಆ ಕೂಗನ್ನು ಮೇಲಿನಿಂದ ಸುರುಳಿ ಸುರುಳಿಯಾಗಿ ಇಳಿಸಿ, ನೆಲ ಮುಟ್ಟುವ ಹೊತ್ತಿಗೆ ಅದನ್ನೊಂದು ಹಾಡು ಮಾಡಿಬಿಟ್ಟಿದ್ದಳು. ವಿಮಲೆ ಎಲ್ಲೂ ಕೇಳಿರದ ಹಾಡು. ಮಿಸ್ ಡೋರಾ ಹೇಳಿಕೊಟ್ಟಿದ್ದಲ್ಲ, ಅತ್ತೆ ಹಾಡಿದ್ದಲ್ಲ, ಈಗ ಇಲ್ಲಿ ಹುಟ್ಟುತ್ತಿತ್ತು.

ಸಾವಿತ್ರಮ್ಮ ಕಣ್ಣೊರೆಸಿಕೊಳ್ಳುತ್ತ ವಿಮಲೆಯ ಕಡೆ ಬಾಗಿದರು. "ಎಂಥಾ ಕೈ ರೀ ಮಗೂದು! ಇದನ್ನೂ ನೀವೇ ಹೇಳಿಕೊಟ್ಟಿದ್ದಾ ವಿಮಲಮ್ಮನವರೇ?"

"ಇಲ್ಲ," ಎಂದಳು ವಿಮಲೆ. ದನಿ ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿ ಬಂತು, ಬಂದರೆ ಬರಲಿ. "ಇದು ನನಗೆ ಬರೋದೇ ಇಲ್ಲ."